ಜೇನುಮರದ ಗುರುತು

“ಸೌಟು ಹಿಡಿದ ಕೈಗೆ ಅಕ್ಷರ ಒಲಿಯುವುದಿಲ್ಲ ಎಂದು ನನ್ನ ಮಾವ ಹೇಳಿದರು. ಊರಿನವರೂ ಹಾಗೇ ಅನ್ನುತ್ತಾರೆ. ಇವರೆಲ್ಲ ಒಪ್ಪಬೇಕಾದರೆ ನಾನು ಇನ್ನೆಷ್ಟು ಕಲಿಯಬೇಕು, ತಾಯಿ?” ಎಂದು ಶಿಷ್ಯೆಯೊಬ್ಬಳು ಕೇಳಿದಳು.

ಗುರುಮಾತೆ ಒಂದು ಕತೆ ಹೇಳಿದರು.

ಬಹಳ ಹಿಂದೆ, ಹಿಮ ಬೀಳುವ ದೇಶದ ಕಾಡಿನಲ್ಲಿ ಸ್ಲಾವ್ ಜನರ ಒಂದು ಕುಲವಿತ್ತು. ಅವರು ಜೇನನ್ನು ಬದುಕಿರುವ ಮರದಲ್ಲೇ ಸಾಕುತ್ತಿದ್ದರು. ಓಕ್ ಮರದ ಎತ್ತರದಲ್ಲಿ ಪೊಟರೆ ಕೊರೆದು, ಬುಡದಲ್ಲಿ ಯಜಮಾನನ ಗುರುತು ಕೆತ್ತುತ್ತಿದ್ದರು. ಗುರುತು ಇರುತ್ತಿದ್ದುದು ಗಂಡಸರಿಗೆ ಮಾತ್ರ. ಚಳಿಗಾಲಕ್ಕೆ ಮೊದಲು, ಕುಲದ ಹಿರಿಯನ ಎದುರು, ಮರದ ಯಜಮಾನನ ಮನೆಯವರೇ ಹತ್ತಿ ಜೇನು ಇಳಿಸಬೇಕು. ಹತ್ತುವವರಿಲ್ಲದ ಮನೆಯ ಮರ ದಾಯಾದಿಗೆ ಸೇರುತ್ತಿತ್ತು.

ಒಬ್ಬ ಹೆಂಗಸಿನ ಗಂಡ ತೀರಿಕೊಂಡ. ಅವಳಿಗಿದ್ದದ್ದು ಒಂದೇ ಮರ. ಅದರ ಜೇನು, ಮೇಣ ಕೊಟ್ಟೇ ಅವಳು ಮನೆಗೆ ಧಾನ್ಯ ತರಬೇಕು. ಮೈದುನ ಬಂದು ನಕ್ಕ.

“ಅತ್ತಿಗೆ, ಒಲೆ ಮುಂದೆ ಕೂತವರಿಗೆ ಓಕ್ ಮರ ಬಗ್ಗುತ್ತದೆಯೇ? ಮರ ನನಗಿರಲಿ. ನಿಮಗೊಂದು ಬಟ್ಟಲು ಜೇನು ಕಳಿಸುತ್ತೇನೆ.”

“ಅದು ಬಗ್ಗುವುದು ಬೇಡಪ್ಪ, ನಿಂತಿದ್ದರೆ ಸಾಕು. ನಾನೇ ಹತ್ತುತ್ತೇನೆ.”

ಅವಳಿಗೆ ಕಲಿಸುವವರು ಯಾರೂ ಇರಲಿಲ್ಲ. ಗಂಡಸರು ಹತ್ತುವುದನ್ನು ದೂರದಿಂದ ನೋಡಿ, ಅವರಂತೆಯೇ ಹಗ್ಗ ಹೊಸೆದಳು. ಒಮ್ಮೆ ಹಗ್ಗ ಜಾರಿತು. ಎಡಗೈಯ ಎರಡು ಬೆರಳು ಹಗ್ಗಕ್ಕೂ ಮರಕ್ಕೂ ನಡುವೆ ಸಿಕ್ಕಿ ನಜ್ಜಿಹೋದವು. ಗಾಯ ಮಾಗಿದ ಮೇಲೆ ಮತ್ತೆ ಹತ್ತಿದಳು.

ಜೇನಿಳಿಸುವ ದಿನ ಕುಲವೆಲ್ಲ ಮರದ ಕೆಳಗೆ ನೆರೆಯಿತು. ಅವಳು ಹತ್ತಿ ಹೊಗೆ ಹಾಕಿದಳು. ಅರ್ಧ ಜೇನನ್ನು ಹುಳುಗಳ ಚಳಿಗಾಲಕ್ಕೆ ಬಿಟ್ಟು, ಉಳಿದದ್ದನ್ನು ಇಳಿಸಿದಳು. “ಗಡಿಗೆಯೇ ತುಂಬಿಲ್ಲವಲ್ಲ!” ಎಂದ ಮೈದುನ.

ಹಿರಿಯ ತಲೆಯೆತ್ತಿ ಪೊಟರೆಯ ಕಡೆ ನೋಡಿದ. ಹುಳುಗಳು ಆಗಲೇ ಮರಳಿ ಗೂಡು ಸೇರುತ್ತಿದ್ದವು. ಅವನು ತನ್ನ ಉಳಿಯನ್ನು ಅವಳ ಕೈಗೆ ಕೊಟ್ಟ. ಅವಳು ಗಂಡನ ಗುರುತನ್ನು ಅಳಿಸಲಿಲ್ಲ. ಅದರ ಕೆಳಗೆ ತನ್ನದೊಂದು ಗುರುತು ಕೆತ್ತಿದಳು. ಮುಂದಿನ ವಸಂತದಲ್ಲಿ ಆ ಕುಲದ ಕೆಲವು ಹುಡುಗಿಯರು ಅವಳ ಅಂಗಳದಲ್ಲಿ ಹಗ್ಗ ಹೊಸೆಯಲು ಕೂತರು.

ಗುರುಮಾತೆ ಇಲ್ಲಿಗೆ ನಿಲ್ಲಿಸಿದರು. ಶಿಷ್ಯೆ ತಡೆಯಲಾರದೆ ಕೇಳಿದಳು, “ಕೊನೆಗೆ ಮೈದುನ ಒಪ್ಪಿದನೇ?”

“ಮರ ಅವಳದಾಯಿತು, ಅದಕ್ಕೆ ಎರಡು ಬೆರಳು ಹೋದವು, ಮೈದುನನನ್ನು ಯಾರೂ ಕೇಳಲಿಲ್ಲ.”