ಎಸಿ ಗುಂಡಿ

ಬಳ್ಳಾರಿಯ ಬೇಸಿಗೆ. ಕೊಟ್ರಗೌಡರು ಕೊಂಡ ಹಳೆಯ ಕಾರಿನಲ್ಲಿ ಎಸಿಯ ಗುಂಡಿಯೊಂದೇ ಉಳಿದಿತ್ತು. ಎಸಿಯ ಮಿಕ್ಕ ಭಾಗಗಳನ್ನೆಲ್ಲ ಹಿಂದಿನ ಮಾಲೀಕ ಬಿಚ್ಚಿಕೊಂಡಿದ್ದ.

"ನಾಳೆ ಮಗಳ ಮದುವಿ ಮಾತಾಡಾಕ ಬೀಗರು ಬರ್ತಾರ. ಅಷ್ಟರಾಗ ಎಸಿ ಕೂಡಿಸು. ಇಲ್ಲಂದ್ರ ಬ್ಯಾರೆ ಕೆಲಸ ನೋಡ್ಕೊ" ಎಂದರು ಡ್ರೈವರನಿಗೆ.

"ಗೌಡ್ರ, ಕಂಪ್ರೆಸರ್ ಇಲ್ಲ, ಪೈಪಿಲ್ಲ. ಒಂದ ದಿನದಾಗ ಎಲ್ಲಿಂದ ತರ್ಲಿ?"

"ಎಸಿ ಕಾರು ಐತಿ ಅಂತ ಫೋನಿನಾಗ ಹೇಳಿಬಿಟ್ಟೀನಿ."

ಹೇಳಿದ್ದು ಅವರು, ಕೆಲಸ ಹೋಗುವುದು ಇವನದು.

ಮರುದಿನ ಬೀಗರು ರೈಲಿಳಿದು ಕಾರು ಹತ್ತಿದರು. ಡ್ರೈವರ್ ವರನ ಅಜ್ಜಿಯತ್ತ ತಿರುಗಿದ.

"ಅವ್ವಾರ, ಎಸಿ ತಂಡಿಗೆ ನಿಮ್ಮ ಮೊಣಕಾಲು ಹಿಡಕೊಳ್ಳೂದಿಲ್ಲೇನ್ರಿ?"

"ಹೌದೋ ಯಪ್ಪಾ, ಎಸಿ ಬ್ಯಾಡ. ಕಿಟಕಿ ತೆಗಿ."

ವರನ ಕಡೆಯ ಹಿರಿಯರ ಮಾತಿಗೆ ಎದುರಾಡುವವರು ಯಾರು? ಬೀಗರೆಲ್ಲ ಬಿಸಿಗಾಳಿಯಲ್ಲಿ ಬೇಯುತ್ತ ಬಂದು, ಗೌಡರ ಮನೆಯವರಿಗೆ ಹಿರಿಯರ ಮೇಲಿರುವ ಕಾಳಜಿಯನ್ನು ಹೊಗಳಿದರು.

ಗೌಡರು ಉಬ್ಬಿಹೋದರು. ಸಂಜೆ ಬೀಗರನ್ನು ಕಳಿಸಲು ತಾವೇ ಮುಂದಿನ ಸೀಟಿನಲ್ಲಿ ಕೂತು, ಹಿಂದೆ ತಿರುಗಿ ಗತ್ತಿನಿಂದ ಕೇಳಿದರು: "ಅವ್ವಾರ, ಎಸಿ ಹಚ್ಚೂದು ಬ್ಯಾಡಲ್ರಿ?"

"ಹಚ್ರಿ ಗೌಡ್ರ. ಬರೂವಾಗ ಬೆಂದು ಹೋಗೀನಿ. ಈಗ ಕಾಲಿಗೆ ಶಾಲು ಸುತ್ತಿಕೊಂಡೀನಿ."

ಗೌಡರು ಡ್ರೈವರನ ಮುಖ ನೋಡಿದರು. ಅವನು ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಗುಂಡಿ ನಿಮ್ಮ ಮುಂದ ಐತ್ರಿ, ಗೌಡ್ರ."