ಘಟ್ಟ ದಾಟಿದ ಜೀಪು

ದೇವೀರಮ್ಮ ಎಂಬ ಶಿಷ್ಯೆ ಗುರುಗಳನ್ನು ಕೇಳಿದಳು: "ನನ್ನ ಅತ್ತೆಗೆ ಮರೆವು ಬಂದಿದೆ. ನನ್ನನ್ನೂ ಗುರುತಿಸುವುದಿಲ್ಲ. ಬೆಳಿಗ್ಗೆ ಎದ್ದಾಗ ಅವರನ್ನು ಮಗುವಿನ ಹಾಗೆ ನೋಡಿಕೊಳ್ಳಬೇಕು ಅಂದುಕೊಳ್ಳುತ್ತೇನೆ. ಸಂಜೆಯ ಹೊತ್ತಿಗೆ ರೇಗುತ್ತೇನೆ. ನಿನ್ನೆ ಅವರ ಕೈ ಹಿಡಿದು ಜೋರಾಗಿ ಎಳೆದುಬಿಟ್ಟೆ. ನನ್ನ ಪ್ರೀತಿಯೇ ಸುಳ್ಳೆ?"

ಗುರುಗಳು ಒಂದು ಕತೆ ಹೇಳಿದರು.

ಘಟ್ಟದ ಆಚೆ ಒಂದು ಹಳ್ಳಿಯಲ್ಲಿ ಒಬ್ಬ ಜೀಪು ಚಾಲಕನಿದ್ದ. ಅವನ ಹೆಂಡತಿ ತುಂಬು ಗರ್ಭಿಣಿ. ಹೆರಿಗೆಗೆ ಇನ್ನೂ ದಿನಗಳಿವೆ ಎಂದುಕೊಂಡಿರುವಾಗಲೇ ಒಂದು ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ಆಸ್ಪತ್ರೆ ಇದ್ದದ್ದು ಘಟ್ಟದ ಈಚೆ. ನಡುವೆ ಮೂರು ಗುಡ್ಡ. ಜೀಪಿನಲ್ಲಿ ಡೀಸೆಲ್ ಕಡಿಮೆ ಇತ್ತು, ಬಂಕ್ ಇದ್ದದ್ದೂ ಆಸ್ಪತ್ರೆಯ ಊರಿನಲ್ಲೇ. ಎಂದಿನಂತೆ ಓಡಿಸಿದರೆ ಹೇಗೋ ಸಾಲುತ್ತದೆ ಎಂದುಕೊಂಡು, ಅವಳನ್ನು ಹಿಂದಿನ ಸೀಟಿನಲ್ಲಿ ಅವಳ ತಾಯಿಯ ತೊಡೆಯ ಮೇಲೆ ಮಲಗಿಸಿ ಹೊರಟ.

ಆದರೆ ಎಂದಿನಂತೆ ಓಡಿಸಲು ಅವನಿಂದಾಗಲಿಲ್ಲ. ಅವಳು ನರಳಿದಾಗಲೆಲ್ಲ ಆಕ್ಸಿಲರೇಟರ್ ಅದುಮಿದ. ಏರಿನಲ್ಲಿ ಎಂಜಿನ್ ಅರಚಿಕೊಂಡಿತು. ಇಳಿಜಾರಿನಲ್ಲೂ ವೇಗ ಹೆಚ್ಚಿಸಿದ, ತಿರುವು ಬಂದಾಗ ಗಕ್ಕನೆ ಬ್ರೇಕ್ ಹಾಕಿದ. ಮೊದಲ ಗುಡ್ಡ ಇಳಿಯುವಷ್ಟರಲ್ಲಿ ಡೀಸೆಲ್ಲಿನ ಮುಳ್ಳು ಕೆಂಪು ಗೆರೆಗೆ ಬಂದಿತ್ತು.

ಅವನು ಜೀಪು ನಿಲ್ಲಿಸಿದ. "ಇದು ಸಾಲೋದಿಲ್ಲ," ಎಂದ. "ಇನ್ನೂ ಎರಡು ಗುಡ್ಡ ಇದೆ. ನಡುದಾರಿಯಲ್ಲಿ ನಿಂತುಹೋದರೆ ನಾನೇನು ಮಾಡಲಿ?"

ಹೆಂಡತಿ ಕಣ್ಣು ಬಿಟ್ಟಳು. "ನನಗೋಸ್ಕರ ಹೀಗೆ ಓಡಿಸ್ತಿದ್ದೀರಿ, ಗೊತ್ತು. ಆದರೆ ನೀವು ಜೀಪನ್ನು ಹೀಗೆ ಎಳೆದಾಗಲೆಲ್ಲ ನನಗೆ ಇನ್ನಷ್ಟು ನೋಯುತ್ತೆ. ಮೆಲ್ಲಗೆ ಹೋಗಿ. ನಾನು ತಡ್ಕೋತೀನಿ."

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಮತ್ತೆ ಹೊರಟ.

ಎರಡನೆಯ ಗುಡ್ಡದ ಮುಂಚೆ ಒಂದಷ್ಟು ಸಮನಾದ ರಸ್ತೆ ಇತ್ತು. ಅಲ್ಲೇ ನಿಧಾನವಾಗಿ ವೇಗ ಕೂಡಿಸಿಕೊಂಡ. ಏರು ಶುರುವಾದಾಗ ಆ ವೇಗ ಕಡಿಮೆಯಾಗುತ್ತ ಬಂತು. ಅವನು ಅದನ್ನು ಕಡಿಮೆಯಾಗಲು ಬಿಟ್ಟ. ಎಂಜಿನ್ ಏದುಸಿರು ಬಿಡುವ ಮೊದಲೇ ಗೇರು ಇಳಿಸಿದ. ನೆತ್ತಿ ಕಾಣಿಸಿದ ಕೂಡಲೇ ಕಾಲನ್ನು ಹಗುರ ಮಾಡಿದ. ಜೀಪು ಮನುಷ್ಯ ನಡೆಯುವ ವೇಗದಲ್ಲಿ ನೆತ್ತಿ ದಾಟಿತು.

ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲನ್ನು ಪೂರ್ತಿ ಎತ್ತಿದ. ಡೀಸೆಲ್ ಇನ್ನಷ್ಟು ಉಳಿಸಲು ಗೇರು ತೆಗೆದು ನ್ಯೂಟ್ರಲ್ ಮಾಡಿಬಿಡೋಣ ಅನ್ನಿಸಿತು. ಹಿಂದೆ ಮಲಗಿದ್ದವಳು ನೆನಪಾಗಿ, ಜೀಪು ಹಿಡಿತ ತಪ್ಪಬಾರದೆಂದು ಗೇರಿನಲ್ಲೇ ಉಳಿಸಿದ. ಗುಡ್ಡವೇ ಜೀಪನ್ನು ಇಳಿಸಿತು, ಎಂಜಿನ್ ಅದನ್ನು ಹಿಡಿದುಕೊಂಡಿತು. ಡೀಸೆಲ್ ಹೆಚ್ಚುಕಡಿಮೆ ಖರ್ಚೇ ಆಗಲಿಲ್ಲ. ಅವನ ಉಸಿರೂ ಹದಕ್ಕೆ ಬಂತು.

ಹಿಂದಿನಿಂದ ಹೆಂಡತಿಯ ತಾಯಿ ಪಿಸುಗುಟ್ಟಿದಳು: "ಸ್ವಲ್ಪ ಕಣ್ಣು ಹತ್ತಿದೆ ಅವಳಿಗೆ. ಹೀಗೇ ಹೋಗಪ್ಪ."

ಮೂರನೆಯ ಗುಡ್ಡ ಎಲ್ಲಕ್ಕಿಂತ ಕಡಿದು. ಅರ್ಧ ಏರಿನಲ್ಲಿ ಅವಳು ಮತ್ತೆ ಕೂಗಿಕೊಂಡಳು. ಅವನ ಕಾಲು ತಾನಾಗಿ ಬಿಗಿಯಿತು. ಅವನು ಅದನ್ನು ಸಡಿಲಿಸಿದ. ಒಂದು ಕೈ ಹಿಂದೆ ಚಾಚಿದ. ಅವಳು ಅವನ ಬೆರಳು ಹಿಡಿದುಕೊಂಡಳು. ಗೇರು ಬದಲಿಸಬೇಕಾದಾಗ ತಾನೇ ಬಿಟ್ಟಳು.

ಆಸ್ಪತ್ರೆಯ ಅಂಗಳದಲ್ಲಿ ಎಂಜಿನ್ ತಾನಾಗಿಯೇ ನಿಂತುಹೋಯಿತು. ಅದು ಅವನ ಗಮನಕ್ಕೇ ಬರಲಿಲ್ಲ. ಅವಳನ್ನು ಎತ್ತಿಕೊಂಡು ಒಳಗೆ ಓಡಿದ. ಮಧ್ಯಾಹ್ನಕ್ಕೆ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಕ್ಷೇಮವಾಗಿದ್ದರು.

ಗುರುಗಳು ಕತೆ ಮುಗಿಸಿದರು.

"ಅವನಿಗೆ ಗುಡ್ಡ ಹತ್ತಿದ ಮೇಲೆ ಇಳಿಜಾರು ಸಿಕ್ಕಿತು," ಎಂದಳು ದೇವೀರಮ್ಮ. "ನನ್ನದು ಬರೀ ಏರು."

"ನಿನ್ನ ಅತ್ತೆ ಈಗ ಯಾರ ಹತ್ತಿರ ಇದ್ದಾರೆ?"

"ನಾದಿನಿ ಬಂದಿದ್ದಾಳೆ. ಸಂಜೆಯವರೆಗೂ ಅವಳೇ ನೋಡಿಕೊಳ್ಳುತ್ತಾಳೆ. ಆದರೂ ಊಟ ಮಾಡಿದರೋ ಇಲ್ಲವೋ, ನನ್ನನ್ನು ಹುಡುಕುತ್ತಿದ್ದಾರೋ ಏನೋ ಅಂತ ಇಲ್ಲಿ ಕೂತೂ ಅದೇ ಯೋಚನೆ."

ಗುರುಗಳು ಜಗಲಿಯ ಮೇಲೆ ಒಂದು ಚಾಪೆ ಹಾಸಿದರು.

"ಸಂಜೆಯವರೆಗೂ ಇದು ಇಳಿಜಾರು ತಾಯಿ, ಕಾಲು ಎತ್ತು."