ಗೊತ್ತಾಯ್ತು ಮೇಷ್ಟ್ರೇ

ನಿವೃತ್ತರಾದ ಮೇಲೆ ತಿಪ್ಪೇಸ್ವಾಮಿ ಮೇಷ್ಟ್ರಿಗೆ ಒಂದು ವಿಚಿತ್ರವಾದ ಕೆಲಸ ಸಿಕ್ಕಿತು. ಟಿ.ವಿ. ಧಾರಾವಾಹಿಯೊಂದರಲ್ಲಿ ನಟಿಸುತ್ತಿದ್ದ ಇಂಚರ ಎಂಬ ಏಳು ವರ್ಷದ ಹುಡುಗಿಗೆ ಶೂಟಿಂಗ್ ನಡೆಯುವ ಬಂಗಲೆಯಲ್ಲೇ ಪಾಠ ಹೇಳಬೇಕು. ಲೈಟು ಹೊಂದಿಸುವಾಗ, ದೊಡ್ಡವರ ದೃಶ್ಯ ನಡೆಯುವಾಗ, ಸಿಕ್ಕಷ್ಟು ಹೊತ್ತು ಪಾಠ. ಶಾಲೆ ತಪ್ಪಿದರೂ ಮಗಳ ಓದು ತಪ್ಪಬಾರದು ಎಂದು ತಾಯಿ ಕೈಮುಗಿದು ಕೇಳಿಕೊಂಡಿದ್ದಳು. ಮೇಷ್ಟ್ರು ಒಪ್ಪಿದರು.

ಮೊದಲ ವಾರದಲ್ಲೇ ಅವರು ಮರುಳಾದರು. ಹಳೆಯ ಶಾಲೆಯಲ್ಲಿ ಅವರು ಗಂಟಲು ಹರಿದುಕೊಂಡರೂ ಮಕ್ಕಳು ಕಿಟಕಿಯಾಚೆ ನೋಡುತ್ತಿದ್ದವು. ಈ ಹುಡುಗಿ ಹಾಗಲ್ಲ. ಹುಬ್ಬು ಗಂಟಿಕ್ಕಿ ಯೋಚಿಸುವಳು. ಆಮೇಲೆ ಕಣ್ಣರಳಿಸಿ, ನಿಧಾನವಾಗಿ ತಲೆಯಾಡಿಸಿ, "ಗೊತ್ತಾಯ್ತು ಮೇಷ್ಟ್ರೇ" ಎನ್ನುವಳು. ಅವರು ಓದಿದ ಪುಟವನ್ನು ಒಂದೇ ಸಲ ಕೇಳಿಸಿಕೊಂಡು, ಪುಸ್ತಕ ಹಿಡಿದು, ತಡವರಿಸದೆ ಒಪ್ಪಿಸುವಳು.

"ಇಷ್ಟು ವರ್ಷ ಪಾಠ ಮಾಡಿದೀನಿ, ಇಂಥ ಶಿಷ್ಯೆ ಸಿಕ್ಕಿರಲಿಲ್ಲ ಕಣೇ," ಎಂದು ಮೇಷ್ಟ್ರು ಹೆಂಡತಿಯ ಮುಂದೆ ಬೀಗಿದರು. ನಿಜವಾಗಿ ಅವರಿಗೆ ಹಿಡಿಸಿದ್ದು ಅವಳ ಮುಖದಲ್ಲಿ ಕಂಡ ತಮ್ಮದೇ ಜಾಣತನ.

ಪಾಪ, ಅವರಿಗೆ ಹೊಳೆಯಲೇ ಇಲ್ಲ. ಆ ಮಗುವಿನ ಕಸುಬೇ ಅದು. ಧಾರಾವಾಹಿಯಲ್ಲಿ ಅವಳದು ಜಾಣ ಮಗಳ ಪಾತ್ರ. ಕ್ಯಾಮೆರಾ ಪಕ್ಕದಲ್ಲಿ ಕೂತವರು "ಲೈನ್" ಕೊಡುವರು, ಎಂದರೆ ಮಾತಿನ ಸಾಲು ಓದಿಕೊಡುವರು, ಇವಳು ಕೇಳಿ ಹಾಗೇ ಹೇಳುವಳು. ಅರ್ಥವಾದ ಹಾಗೆ ಮುಖ ಮಾಡು ಎಂದರೆ ಮಾಡುವಳು. ದೊಡ್ಡವರ ಮುಖ ಅರಳಿದರೆ ಕೆಲಸ ಮುಗಿಯಿತು, ಬಾಡಿದರೆ ಮತ್ತೆ ಮೊದಲಿನಿಂದ. ಬಂಗಲೆಯಲ್ಲಿ ಅವಳು ಸರಿಯಾಗಿ ಕಲಿತ ಪಾಠ ಇದೊಂದೇ.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಇಂಚರ ಪುಸ್ತಕದ ಒಂದು ಅಕ್ಷರದ ಮೇಲೆ ಬೆರಳಿಟ್ಟಳು. ಆ ಹೊತ್ತು ಅವಳ ಮುಖದಲ್ಲಿ ಯಾವ ಪಾತ್ರವೂ ಇರಲಿಲ್ಲ.

"ಮೇಷ್ಟ್ರೇ, ಈ ಒತ್ತಕ್ಷರ ಬಂದ್ರೆ ನಂಗೆ ಓದಕ್ಕೆ ಬರಲ್ಲ. ಯಾವತ್ತೂ ಬಂದಿಲ್ಲ."

ಮೇಷ್ಟ್ರ ಮುಖ ಸಪ್ಪಗಾಯಿತು. "ಇಷ್ಟು ದಿನ ಹೇಳಿಕೊಟ್ಟಿದ್ದೆಲ್ಲ ನೀರಲ್ಲಿ ಹೋಮ ಆಯ್ತಾ ಹಾಗಾದ್ರೆ?" ಎಂದು ನಿಟ್ಟುಸಿರುಬಿಟ್ಟರು.

ಹುಡುಗಿ ಆ ಮುಖವನ್ನು ಒಂದು ಕ್ಷಣ ನೋಡಿದಳು. ತಟ್ಟನೆ ಕಣ್ಣರಳಿಸಿದಳು. "ಈಗ ಗೊತ್ತಾಯ್ತು ಮೇಷ್ಟ್ರೇ," ಎಂದು ನಕ್ಕಳು.

ಕಣ್ಣು ಮಿಟುಕಿಸುವಷ್ಟರಲ್ಲಿ ಒತ್ತಕ್ಷರ ಯಾರಿಗೂ ಬರುವುದಿಲ್ಲ. ಮಕ್ಕಳನ್ನು ಕಂಡು ಕಂಡು ತಲೆ ನರೆತ ಮೇಷ್ಟ್ರಿಗೆ ಅದು ತಿಳಿಯದ ವಿಷಯವೇನಲ್ಲ. ಆದರೂ ಆ ನಗು ಅವರಿಗೆ ಹಿತವಾಗಿತ್ತು. ಅಷ್ಟರಲ್ಲಿ ಹೊರಗಿನಿಂದ "ಶಾಟ್ ರೆಡಿ" ಎಂದು ಕೂಗಿದರು. ಮೇಷ್ಟ್ರು ಪುಸ್ತಕ ಮುಚ್ಚಿದರು. ಮರುದಿನ ಮುಂದಿನ ಪಾಠಕ್ಕೆ ಹೋದರು.

ಇನ್ನೆರಡು ವರ್ಷ ಹೀಗೇ ನಡೆಯಿತು. ಹುಡುಗಿ ಉದ್ದವಾದಳು. ಕಥೆಯಲ್ಲಿ ಮಗಳು ಬೆಳೆದು ಕಾಲೇಜಿಗೆ ಹೋದಳೆಂದು ತೋರಿಸಿ, ಆ ಪಾತ್ರಕ್ಕೆ ದೊಡ್ಡ ಹುಡುಗಿಯನ್ನು ತಂದರು. ಇಂಚರಳಿಗೆ ಹಾರ ಹಾಕಿ, ಕೇಕು ತಿನ್ನಿಸಿ ಮನೆಗೆ ಕಳಿಸಿದರು.

ತಾಯಿ ಅವಳನ್ನು ಐದನೇ ತರಗತಿಗೆ ಸೇರಿಸಲು ಹೋದಳು. ಮೇಷ್ಟ್ರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೊತೆಗೆ ಬಂದರು. ಮುಖ್ಯೋಪಾಧ್ಯಾಯಿನಿ ಕಥೆಪುಸ್ತಕವೊಂದನ್ನು ತೆರೆದು ಕೊಟ್ಟು, "ಓದಮ್ಮ," ಎಂದರು.

ಇಂಚರ ಪುಸ್ತಕವನ್ನು ಚೆಂದವಾಗಿ ಹಿಡಿದಳು. ಬೆನ್ನು ನೇರ ಮಾಡಿಕೊಂಡು ನಕ್ಕಳು. ಆಮೇಲೆ ಕಾದಳು. ಯಾರೂ ಸಾಲು ಓದಿಕೊಡಲಿಲ್ಲ. ಕೊನೆಗೆ ಮೇಷ್ಟ್ರ ಕಡೆ ತಿರುಗಿ ಮೆಲ್ಲಗೆ, "ಲೈನ್ ಕೊಡಿ ಮೇಷ್ಟ್ರೇ," ಎಂದಳು.

ಮುಖ್ಯೋಪಾಧ್ಯಾಯಿನಿ ಬಿಡಿ ಅಕ್ಷರಗಳನ್ನು ಬರೆದು ತೋರಿಸಿದರು. ಅಷ್ಟು ಬಂತು. ಒತ್ತಕ್ಷರವಿರಲಿ, ಸಾದಾ ಅಕ್ಷರಗಳನ್ನು ಕೂಡಿಸಿ ಓದಲೂ ಬರಲಿಲ್ಲ.

"ಐದನೇ ಕ್ಲಾಸಲ್ಲಿ ಕೂರಿಸಿದ್ರೆ ಮಗು ಕಂಗಾಲಾಗತ್ತೆ. ಸದ್ಯಕ್ಕೆ ಒಂದನೇ ಕ್ಲಾಸಲ್ಲಿ ಕೂತ್ಕೊಳ್ಳಲಿ," ಎಂದರು ಅವರು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹತ್ತು ವರ್ಷದ ಹುಡುಗಿ ಹೋಗಿ ಪುಟಾಣಿಗಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಳು. ಧಾರಾವಾಹಿಯ ಜಾಣೆ ಇವಳೇ ಎಂದು ಮಕ್ಕಳು ಗುರುತು ಹಿಡಿದು ಕಿಸಕ್ಕನೆ ನಕ್ಕವು.

ಸಂಜೆ ಮೇಷ್ಟ್ರು ಗೇಟಿನ ಬಳಿ ಕಾದು ನಿಂತು ಅವಳನ್ನು ಕರೆದರು. "ಪುಟ್ಟೀ, ನಾಳೆಯಿಂದ ಮೊದಲಿನಿಂದ ಕಲಿಯೋಣಮ್ಮ. ನಾನೇ ಮನೆಗೆ ಬಂದು ಹೇಳಿಕೊಡ್ತೀನಿ."

ಇಂಚರ ತಲೆ ತಗ್ಗಿಸಿದಳು. "ಬೇಡ ಮೇಷ್ಟ್ರೇ," ಎಂದಳು. "ನಂಗೆ ಗೊತ್ತಾಗಲ್ಲ. ಆಮೇಲೆ ನಿಮಗೆ ಬೇಜಾರಾಗತ್ತೆ."

ನೀತಿ: ಮಗು "ಗೊತ್ತಾಗಲಿಲ್ಲ" ಎಂದಾಗ ಮುಖ ಬಾಡಿಸಿಕೊಳ್ಳುವ ಗುರುವಿಗೆ ಮಗು ಮತ್ತೆ ನಿಜ ಹೇಳಲು ಹೆದರುತ್ತದೆ. ನಮ್ಮನ್ನು ಮೆಚ್ಚಿಸುವುದನ್ನೇ ಮಕ್ಕಳಿಗೆ ಕಲಿಸಿದರೆ, ಅವರು ಕಲಿಯುವುದು ಅದೊಂದನ್ನೇ.